ಬೆನ್ನು ತಿರುಗಿಸಿ ದಡ ಸೇರುವ ಬೋಟು

ಕೊಲ್ಲೂರಿಗೆ ಹರಕೆ ಸಲ್ಲಿಸಲು ಹೋದಾಗ ನೀವೂ ಕುಂದಾಪುರದ ಸೇತುವೆ ದಾಟಿರುತ್ತೀರಿ. ಬಸ್ಸಿನ ಕಿಟಕಿಯಿಂದ ಅಷ್ಟಗಲದ ನೀರು ಕಂಡು ‘ಅಬ್ಬ, ಎಷ್ಟು ಚೆನ್ನ!’ ಎಂದಿರುತ್ತೀರಿ. ಮಕ್ಕಳ ಕೈಗೆ ಎರಡು ಚಕ್ಕುಲಿ ಕೊಟ್ಟು, ಮಡಿಸೀರೆಯ ಚೀಲ ಸರಿಯಾಗಿದೆಯೇ ಎಂದು ನೋಡಿಕೊಂಡು ಮುಂದೆ ಹೋಗಿರುತ್ತೀರಿ. ನಾನೂ ಹಾಗೆಯೇ. ಮದುವೆಯಾದ ಮೇಲೆ ಐದಾರು ಸಲ ಆ ದಾರಿಯಲ್ಲಿ ಓಡಾಡಿದ್ದರೂ ಕುಂದಾಪುರದಲ್ಲಿ ಇಳಿದು ನೋಡಿದವಳಲ್ಲ. ದೇವಿಯ ದರ್ಶನವಾಯಿತೇ, ಪ್ರಸಾದ ಸಿಕ್ಕಿತೇ, ರಾತ್ರಿ ಬಸ್ಸಿಗೆ ಊರು. ಅಲ್ಲಿಗೆ ಪ್ರವಾಸ ಮುಗಿಯಿತು.

ಈ ಸಲ ಹಾಗಾಗಲಿಲ್ಲ. ನಮ್ಮವರ ಹಳೆಯ ಸಹೋದ್ಯೋಗಿಯೊಬ್ಬರು ನಿವೃತ್ತರಾಗಿ ಗಂಗೊಳ್ಳಿಯಲ್ಲಿ ಮನೆ ಕಟ್ಟಿದ್ದಾರೆ. ‘ಮೇ ತಿಂಗಳು ಮುಗಿಯುವ ಮೊದಲು ಬನ್ನಿ, ಮಳೆ ಹಿಡಿದರೆ ಏನೂ ಕಾಣುವುದಿಲ್ಲ’ ಎಂದು ಒತ್ತಾಯ ಮಾಡಿದರು. ಮಕ್ಕಳಿಗೆ ರಜೆ. ಉಪ್ಪಿನಕಾಯಿ, ಹಪ್ಪಳದ ಕೆಲಸ ಹೇಗೋ ಮುಗಿಸಿ ಹೊರಟೆವು.

ಉಡುಪಿಯಿಂದ ಉತ್ತರಕ್ಕೆ ಬರುವಾಗ ಮೊದಲು ಸಿಗುವುದು ಬ್ರಹ್ಮಾವರ. ಅಲ್ಲಿಂದ ಪಡುವಣಕ್ಕೆ ತಿರುಗಿದರೆ ಹಂಗಾರಕಟ್ಟೆ. ಸೀತಾ ನದಿಯೂ ಸುವರ್ಣಾ ನದಿಯೂ ಇಲ್ಲಿ ಸಮುದ್ರಕ್ಕೆ ಸೇರುತ್ತವೆ. ಎದುರಿಗೆ ಕೋಡಿಬೆಂಗ್ರೆ, ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಕಡಲು, ನಡುವೆ ತೆಂಗಿನ ಮರ ನಿಂತ ಮರಳಿನ ಪಟ್ಟಿ. ನಾವು ಅಲ್ಲಿ ನಿಂತದ್ದು ಅರ್ಧ ಗಂಟೆ ಮಾತ್ರ. ಹಿಂದೆ ಇಲ್ಲಿ ಹಡಗಿನ ವ್ಯಾಪಾರ ಜೋರಾಗಿತ್ತು. ಈಗಲೂ ಬೋಟು ಕಟ್ಟುವ ಕೆಲಸ ನಡೆಯುತ್ತದೆ. ದಡದ ಮೇಲೆ ಎತ್ತಿ ನಿಲ್ಲಿಸಿದ ಒಂದು ಬೋಟಿನ ಹೊಟ್ಟೆಯನ್ನು ಮೊದಲ ಬಾರಿಗೆ ಕೆಳಗಿನಿಂದ ನೋಡಿದೆ. ನೀರಿನ ಮೇಲೆ ಕಾಣುವುದಕ್ಕಿಂತ ಎಷ್ಟು ದೊಡ್ಡದು! ಹಿಂದೆ ಫ್ಯಾನು, ಅದರ ಹಿಂದೆ ಬಾಗಿಲಿನ ಹಲಗೆಯಂತಹ ಚುಕ್ಕಾಣಿ. (ಪ್ರೊಪೆಲ್ಲರಿಗೆ ಇಲ್ಲಿಯವರು ಫ್ಯಾನು ಎನ್ನುತ್ತಾರೆ. ನನಗೂ ಅದೇ ಸುಲಭ.) ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕುಂದಾಪುರ ಮೂರು ಕಡೆ ನೀರಿರುವ ಊರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಒಂದಾಗಿ ಪಂಚಗಂಗಾವಳಿ ಎನಿಸಿಕೊಂಡು ಇಲ್ಲಿ ಕಡಲು ಸೇರುತ್ತವೆ. ಅಳಿವೆಯ ತೆಂಕು ದಡದಲ್ಲಿ ಕುಂದಾಪುರದ ಕೋಡಿ, ಅಲ್ಲೊಂದು ದೀಪಸ್ತಂಭ. ಬಡಗು ದಡದಲ್ಲಿ ಗಂಗೊಳ್ಳಿ. ಕೂಗಿದರೆ ಕೇಳುವಷ್ಟು ಹತ್ತಿರ ಎನಿಸಿದರೂ ರಸ್ತೆಯಲ್ಲಿ ಹೋಗಬೇಕಾದರೆ ಹೆಮ್ಮಾಡಿ, ತ್ರಾಸಿ ಎಂದು ದೊಡ್ಡ ಸುತ್ತು. ಸೇತುವೆಗಳು ಬರುವ ಮೊದಲು ಈ ಸೀಮೆಯಲ್ಲೆಲ್ಲ ಕಡವುಗಳೇ ದಾರಿ. ಹೆರಿಗೆಗೆ ತವರಿಗೆ ಹೋಗುವವಳೂ ದೋಣಿ ಹತ್ತಬೇಕು, ದಿಬ್ಬಣವೂ ದೋಣಿ ಹತ್ತಬೇಕು. ಒಳಗೆ ವಾರಾಹಿಯ ದಡದಲ್ಲಿರುವ ಬಸ್ರೂರು ಆ ಕಾಲದ ದೊಡ್ಡ ಪಟ್ಟಣ. 1665ರಲ್ಲಿ ಶಿವಾಜಿ ಹಡಗುಗಳ ದಂಡಿನೊಂದಿಗೆ ಬಂದು ಬಸ್ರೂರನ್ನು ಸೂರೆ ಮಾಡಿದನೆಂದು ಚರಿತ್ರೆಯಲ್ಲಿ ಓದಿರುತ್ತೀರಿ. ಗಂಗೊಳ್ಳಿಯಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ್ದರು. ಅವರೆಲ್ಲರೂ ಇದೇ ಅಳಿವೆಯ ಬಾಗಿಲಿನಿಂದ ಒಳಗೆ ಬಂದವರೇ.

ನಾನು ಹೇಳಹೊರಟದ್ದು ಶಿವಾಜಿಯ ಕಥೆಯಲ್ಲ, ನಮ್ಮ ಆತಿಥೇಯರ ನೆರೆಮನೆಯ ಅಕ್ಕನ ಕಥೆ.

ಅವರದು ಬೋಟಿನ ಮನೆ. ಸಂಜೆ ನಾಲ್ಕರ ಹೊತ್ತಿಗೆ ನಾವು ಬೇಲಿಯ ಬಳಿ ನಿಂತಿದ್ದಾಗ ‘ಹ್ವಾಯ್, ಬನ್ನಿ, ಕೂಕಣಿ’ ಎಂದು ಕರೆದರು. ನನಗೂ ಅವರಿಗೂ ವಯಸ್ಸು ಹೆಚ್ಚುಕಡಿಮೆ ಒಂದೇ, ಆದರೂ ಅವರು ನನಗೆ ಅಕ್ಕ, ನಾನು ಅವರಿಗೆ ಅಕ್ಕ. ಕೂತವರಿಗೆ ಬೆಲ್ಲ, ನೀರು. ಮಾತಿಗೆ ಮಾತು ಬೆಳೆಯಿತು. ಯಂತ್ರದ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಕಡಲಿಗೆ ಇಳಿಯಲು ಅಪ್ಪಣೆಯಿಲ್ಲ. ಮೀನು ಮರಿ ಮಾಡುವ ಕಾಲ, ಸಮುದ್ರಕ್ಕೂ ಹುಚ್ಚು ಹಿಡಿಯುವ ಕಾಲ. ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಹೋಗಬಹುದು. ಹಾಗಾಗಿ ಮೇ ಕೊನೆಯ ವಾರ ಎಲ್ಲ ಬೋಟುಗಳೂ ಒಟ್ಟಿಗೆ ಮನೆಗೆ ಬರುತ್ತವೆ. ನಮ್ಮಲ್ಲಿ ಮದುವೆಯ ಸೀಸನ್ನಿನಲ್ಲಿ ಛತ್ರದ ಮುಂದೆ ಕಾರು ನಿಲ್ಲಿಸಲು ಜಾಗವಿಲ್ಲದಂತೆ ಇಲ್ಲಿ ದಕ್ಕೆಯಲ್ಲಿ ಜಾಗವಿಲ್ಲ.

‘ಇವತ್ತ್ ನಮ್ಮ ಬೋಟ್ ಬತ್ತತ್. ಕೊನೀ ಟ್ರಿಪ್ಪು’ ಎಂದರು ಅಕ್ಕ. ಅವರ ಯಜಮಾನರಿಗೆ ಹಿಂದಿನ ವರ್ಷದಿಂದ ಸೊಂಟ ನೋವು, ಚುಕ್ಕಾಣಿ ಹಿಡಿಯುವುದಿಲ್ಲ. ಈ ಟ್ರಿಪ್ಪಿನಲ್ಲಿ ಚುಕ್ಕಾಣಿ ಹಿಡಿದವನು ಎರಡನೆಯ ಮಗ. ಇಪ್ಪತ್ತನಾಲ್ಕು ವರ್ಷ. ತಾಂಡೇಲನಾಗಿ ಅವನಿಗೆ ಇದು ಮೊದಲನೇ ವರ್ಷ.

ಆ ಹುಡುಗನ ಬಲಗೈಯ ಎರಡು ಬೆರಳಿಗೆ ತುದಿಯಿಲ್ಲ. ಎರಡು ವರ್ಷದ ಹಿಂದೆ, ಕಲಾಸಿಯಾಗಿದ್ದಾಗ, ಬೋಟು ಕಟ್ಟುವ ಹೊತ್ತಿಗೆ ಹಗ್ಗ ಮತ್ತು ಕಬ್ಬಿಣದ ಗೂಟದ ನಡುವೆ ಕೈ ಸಿಕ್ಕಿತಂತೆ. ಗಾಳಿ ಒಂದು ಸಲ ಎಳೆದದ್ದೇ ಸಾಕಾಯಿತು. ಅಕ್ಕ ಇದನ್ನು ಹೇಳಿದ್ದು ಅಳುತ್ತ ಅಲ್ಲ, ಹುಣಸೆಹಣ್ಣಿನ ಬೀಜ ತೆಗೆಯುತ್ತ. ‘ಕಡ್ಲಲ್ಲ್ ಎಂತ ಆತಿಲ್ಲೆ ಅಕ್ಕ. ದಡಕ್ಕೆ ಬಪ್ಪತಿಗೇ ಆಪುದ್’ ಎಂದರು. ಅಂದರೆ ಅಪಾಯ ಆಗುವುದು ದಡ ಸೇರುವ ಹೊತ್ತಿನಲ್ಲೇ. ಅವರ ಕತ್ತಿನಲ್ಲಿ ಕರಿಮಣಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಬಳೆ, ಸರ, ಸೊಸೆಯ ಒಡವೆ, ಎಲ್ಲ ಬ್ಯಾಂಕಿನಲ್ಲಿ. ಬೋಟಿನ ಎಂಜಿನ್ ಬದಲಾಯಿಸಲು ಅಡವಿಟ್ಟದ್ದು.

ಐದು ಗಂಟೆಗೆ ಗಾಳಿ ಎದ್ದಿತು. ಪಡುವಣದಲ್ಲಿ ಮೋಡ ಕಪ್ಪಾಗಿ, ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ತಲೆ ಬಾಚಿಕೊಂಡಂತಾದವು. ಒಣಹಾಕಿದ್ದ ಬಟ್ಟೆ ತೆಗೆಯಲು ನಾನೂ ಅಕ್ಕನೊಂದಿಗೆ ಓಡಿದೆ. ಅಷ್ಟರಲ್ಲಿ ಅವರ ಮಾವನವರು ಕೋಲು ಹಿಡಿದು ದಕ್ಕೆಯ ಕಡೆ ಹೊರಟರು. ವಯಸ್ಸು ಎಂಬತ್ತರ ಹತ್ತಿರ. ಪಾಯಿ ಕಟ್ಟಿದ ಮಚ್ವೆಯ ಕಾಲದಲ್ಲಿ ಹುಡುಗನಾಗಿದ್ದವರು, ಆಮೇಲೆ ನಲವತ್ತು ವರ್ಷ ತಾಂಡೇಲರು. ನಾವೂ ಹಿಂದೆಯೇ ಹೋದೆವು.

ಈಗ ದಕ್ಕೆಯ ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ. ಜಾಗ ಧಾರಾಳವಾಗಿದ್ದರೆ ಬೋಟು ದಡಕ್ಕೆ ಪಕ್ಕೆ ತಾಗಿಸಿ ನಿಲ್ಲುತ್ತದೆ, ಬಸ್ಸು ನಿಲ್ದಾಣದಲ್ಲಿ ನಿಂತಂತೆ. ಆ ದಿನ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಎರಡು ಬೋಟುಗಳ ನಡುವೆ ಒಂದೇ ಒಂದು ಸಂದು. ಅದರೊಳಗೆ ಹಿಂದು ಹಿಂದಾಗಿ ಬಂದು, ಬೆನ್ನನ್ನು ದಡಕ್ಕೆ ಕೊಟ್ಟು, ಮುಂದಿನಿಂದ ಲಂಗರು ಬಿಟ್ಟು, ಹಿಂದಿನಿಂದ ಎರಡು ಹಗ್ಗ ಕಟ್ಟಬೇಕು. ಗ್ರೀಸ್, ಇಟಲಿ, ಟರ್ಕಿಯ ಬಂದರುಗಳಲ್ಲಿ ದೋಣಿಗಳನ್ನು ಹೀಗೆಯೇ ಸಾಲಾಗಿ ನಿಲ್ಲಿಸುವುದು ವಾಡಿಕೆ. ಅಲ್ಲಿ ಮೋಜಿಗೆ ಬಂದ ದೋಣಿಗಳು ಬಹಳ. ಇಲ್ಲಿ ಒಂದು ಸಂಸಾರದ ಬಂಗಾರವೆಲ್ಲ ಆ ಸಂದಿನೊಳಗೆ ಬರಬೇಕಾಗಿತ್ತು.

ಗಾಳಿ ಹಿಂದಿನಿಂದಲೋ ಮುಂದಿನಿಂದಲೋ ಬಂದಿದ್ದರೆ ಕಷ್ಟವಿರಲಿಲ್ಲ. ಅಳಿವೆಯ ಬಾಯಿಂದ ನುಗ್ಗಿ ಸರಿಯಾಗಿ ಅಡ್ಡಕ್ಕೆ ಹೊಡೆಯುತ್ತಿತ್ತು. ಬೋಟಿಗೆ ಬ್ರೇಕಿಲ್ಲ ಎನ್ನುವುದು ನಿಮಗೆ ಗೊತ್ತು. ಹಿಂದಕ್ಕೆ ಬರುವಾಗ ಚುಕ್ಕಾಣಿಯೂ ಹೇಳಿದ ಮಾತು ಕೇಳುವುದಿಲ್ಲವಂತೆ. ಮುಂದೆ ಹೋಗುವಾಗ ಫ್ಯಾನು ತಳ್ಳಿದ ನೀರು ನೇರ ಚುಕ್ಕಾಣಿಗೆ ಬಡಿಯುತ್ತದೆ, ಆದ್ದರಿಂದ ಬೋಟು ತಿರುಗುತ್ತದೆ. ಹಿಂದಕ್ಕೆ ಬರುವಾಗ ಆ ನೀರು ಮುಂದಕ್ಕೆ ಹೋಗುತ್ತದೆ. ಚುಕ್ಕಾಣಿಗೆ ಸಿಗುವುದು ಬೋಟಿನ ವೇಗದ ನೀರು ಮಾತ್ರ. ವೇಗವಿಲ್ಲದಿದ್ದರೆ ಹಿಡಿತವಿಲ್ಲ. ಅದರ ಮೇಲೆ ಫ್ಯಾನು ತಿರುಗುವ ದಿಕ್ಕಿಗೆ ತಕ್ಕಂತೆ ಬೋಟಿನ ಹಿಂಭಾಗ ತಾನಾಗಿಯೇ ಒಂದು ಪಕ್ಕಕ್ಕೆ ಎಳೆಯುತ್ತದೆ. ಮುಂಭಾಗವೋ ಎತ್ತರ, ನೀರಿನಲ್ಲಿ ಅದರ ಹಿಡಿತ ಕಡಿಮೆ. ಗಾಳಿ ಮೊದಲು ತಳ್ಳುವುದು ಅದನ್ನೇ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಗಂಟೆಗೆ 20 ಕಿಲೋಮೀಟರಿನ ಗಾಳಿಗೆ ಹೆದರದ ಬೋಟು 40 ಕಿಲೋಮೀಟರಿನ ಗಾಳಿಗೆ ಕೈಮೀರುವುದು ಇದರಿಂದಲೇ. ಮಳೆಗಾಲದಲ್ಲಿ ಕೊಡೆ ಹಿಡಿದು ಸೇತುವೆಯ ಮೇಲೆ ನಡೆದವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ.

‘ಕಾಣಿ, ಬಂತ್’ ಎಂದರು ಅಕ್ಕ. ನೀಲಿ ಬಣ್ಣದ ಬೋಟು, ಮುಂದೆ ಮಾಲೆ ಒಣಗಿ ಜೋತಾಡುತ್ತಿತ್ತು.

ಮೊದಲ ಸಲ ಹುಡುಗ ಲಂಗರನ್ನು ಸಂದಿಗೆ ನೇರ ಎದುರಾಗಿಯೇ ಬಿಟ್ಟ. ಹಿಂದಕ್ಕೆ ಬರಲು ಶುರುಮಾಡಿ, ಹತ್ತಿರ ಬಂದಾಗ ಹೆದರಿ ವೇಗ ತಗ್ಗಿಸಿದ. ಅಷ್ಟೇ. ಒಂದು ಬಿರುಗಾಳಿ ಬಂದು ಬೋಟಿನ ಮುಂಭಾಗವನ್ನು ಬಾಗಿಲು ತಳ್ಳಿದಂತೆ ತಳ್ಳಿತು. ಬೋಟು ಪಕ್ಕದವರ ಬೋಟಿಗೆ ಅಡ್ಡವಾಗಿ ಹೊರಳಿ, ಅವರ ಲಂಗರಿನ ಹಗ್ಗದ ಮೇಲೆ ಬಂದಿತು. ಆ ಹಗ್ಗ ಫ್ಯಾನಿಗೆ ಸುತ್ತಿಕೊಂಡರೆ ಎಂಜಿನ್ ನಿಂತಂತೆಯೇ. ದಡದಲ್ಲಿದ್ದವರೆಲ್ಲ ಒಟ್ಟಿಗೆ ಕೂಗಿದರು. ಒಬ್ಬ ‘ಎಳಿ’ ಎನ್ನುತ್ತಾನೆ, ಇನ್ನೊಬ್ಬ ‘ಬಿಡು’ ಎನ್ನುತ್ತಾನೆ. ಒಬ್ಬ ಕಲಾಸಿ ಹುಡುಗ ಎರಡು ಬೋಟುಗಳ ನಡುವೆ ಕಾಲು ಕೊಟ್ಟು ತಳ್ಳಲು ಹೋದ. ಅಕ್ಕ ನನ್ನ ಮುಂಗೈಯನ್ನು ಹಿಡಿದುಕೊಂಡದ್ದು ಆಗ. ಮರುದಿನ ನೋಡಿದರೆ ನಾಲ್ಕು ಬೆರಳಿನ ಗುರುತು ಹಾಗೆಯೇ ಇತ್ತು.

ಕೂಗದೆ ಇದ್ದವರು ಮಾವನವರು ಒಬ್ಬರೇ. ಕೋಲು ಎತ್ತಿ ಕಡಲ ಕಡೆ ತೋರಿಸಿದರು. ಅಷ್ಟೇ ಸನ್ನೆ. ಹುಡುಗ ಅದನ್ನು ನೋಡಿದ. ಎಂಜಿನ್ನನ್ನು ಮುಂದಕ್ಕೆ ಹಾಕಿ, ಲಂಗರು ಎತ್ತಿಸಿ, ಬೋಟನ್ನು ಹೊರಗೆ ಒಯ್ದ. ಪಕ್ಕದ ಬೋಟಿನ ಬಣ್ಣ ಒಂದು ಮೊಳ ಸವರಿಹೋಯಿತು, ಬೇರೇನೂ ಆಗಲಿಲ್ಲ.

ನನಗೆ ಅಯ್ಯೋ ಎನಿಸಿತು. ಇಷ್ಟು ಹತ್ತಿರ ಬಂದವನು ಮತ್ತೆ ಹೊರಗೆ ಹೋದನಲ್ಲ! ಮಾವನವರು ನನ್ನ ಮುಖ ನೋಡಿ ನಕ್ಕರು. ‘ಗಾಳಿ ಒಟ್ಟಿಗೆ ಜಗ್ಳ ಮಾಡ್ಕಾಗ ಅಮ್ಮ. ಸಮಾ ಆಯ್ಲಿಲ್ದಿದ್ರೆ ಹೊರ್ಗ್ ಹೋಪುದ್, ಮತ್ತೆ ಬಪ್ಪುದ್. ಅದ್ರಲ್ಲ್ ನಾಚ್ಕಿ ಎಂತದ್?’ ಎಂದರು. ಕೆಟ್ಟ ತಾಂಡೇಲ ಅಲ್ಲೇ ಹೆಣಗಾಡುತ್ತಾನಂತೆ, ಜನ ನೋಡುತ್ತಾರೆಂದು. ಎರಡು ವರ್ಷದ ಹಿಂದೆ ಬೋಟು ನಡೆಸುತ್ತಿದ್ದವನು ಅಂಥವನೇ. ಮೊಮ್ಮಗನ ಬೆರಳು ಹೋದದ್ದು ಆ ಹಠದಲ್ಲಿ.

ಎರಡನೆಯ ಸಲ ಹುಡುಗ ಸಂದನ್ನು ಬಿಟ್ಟು ಗಾಳಿ ಬರುವ ಕಡೆಗೆ ಎರಡು ಬೋಟಿನುದ್ದ ಮೇಲಕ್ಕೆ ಹೋಗಿ ಲಂಗರು ಬಿಟ್ಟ. ಈಗ ಗಾಳಿ ಮುಂಭಾಗವನ್ನು ತಳ್ಳಲು ಬಂದರೆ ಲಂಗರಿನ ಹಗ್ಗ ‘ನಿಲ್ಲು’ ಎಂದು ಹಿಡಿಯುತ್ತದೆ. ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ, ಈ ಸಲ ವೇಗ ತಗ್ಗಿಸದೆ, ನೋಡುವವರಿಗೆ ‘ಹೊಡೆದೇ ಬಿಟ್ಟ’ ಎನಿಸುವಂತೆ ಹಿಂದಕ್ಕೆ ಬಂದ. ಬೋಟು ಸಂದಿನ ಕಡೆಗೆ ನೇರವಾಗಿ ಬರಲಿಲ್ಲ, ಓರೆಯಾಗಿ, ಗಾಳಿಗೆ ಎದುರಾಗಿ ಬಂದಿತು. ಉಳಿದದ್ದನ್ನು ಗಾಳಿಯೇ ತಳ್ಳಿ ಸರಿಮಾಡಿತು. ಗಾಳಿಯ ಆಚೆ ಮಗ್ಗುಲಿಗೆ, ಪಕ್ಕದ ಬೋಟಿಗೆ ತಾಗುವ ಕಡೆ, ಹಳೆಯ ಟಯರುಗಳನ್ನು ಮೊದಲೇ ಇಳಿಬಿಟ್ಟಿದ್ದರು.

ಇನ್ನು ಹಗ್ಗ. ಎರಡು ಹಗ್ಗದಲ್ಲಿ ಮೊದಲು ಯಾವುದು? ಇದು ನನಗೆ ಆ ಕ್ಷಣ ಹೊಳೆದುಬಿಟ್ಟಿತು, ಏಕೆಂದರೆ ಅರ್ಧ ಗಂಟೆಯ ಹಿಂದೆ ಅಕ್ಕನ ಮನೆಯ ಹಿತ್ತಲಲ್ಲಿ ಸೀರೆ ಮಡಚಿದ್ದೆವು. ಗಾಳಿಯಲ್ಲಿ ಆರು ಗಜದ ಸೀರೆ ಒಣಹಾಕುವಾಗ ನೀವು ಮೊದಲು ಯಾವ ತುದಿಗೆ ಕ್ಲಿಪ್ಪು ಹಾಕುತ್ತೀರಿ? ಗಾಳಿ ಬರುವ ಕಡೆಯ ತುದಿಗೆ. ಆಗ ಉಳಿದ ಸೀರೆಯನ್ನು ಗಾಳಿಯೇ ತಂತಿಯ ಉದ್ದಕ್ಕೆ ಹಾಸಿಕೊಡುತ್ತದೆ. ಇನ್ನೊಂದು ತುದಿಗೆ ಮೊದಲು ಹಾಕಿದರೆ ಸೀರೆ ಮುದ್ದೆಯಾಗಿ ನಿಮ್ಮ ಮುಖಕ್ಕೇ ಬಡಿಯುತ್ತದೆ. ಬೋಟಿಗೂ ಅದೇ ನಿಯಮ. ಗಾಳಿ ಬರುವ ಮಗ್ಗುಲಿನ ಹಿಂದಿನ ಹಗ್ಗವನ್ನು ಮೊದಲು ಎಸೆದರು. ದಡದಲ್ಲಿದ್ದವನು ಹಿಡಿದು ಗೂಟಕ್ಕೆ ಎರಡು ಸುತ್ತು ಹಾಕಿದ, ಗಂಟು ಹಾಕಲಿಲ್ಲ. ಹುಡುಗ ಎಂಜಿನ್ನನ್ನು ಮೆಲ್ಲಗೆ ಮುಂದಕ್ಕೆ ಹಾಕಿದ. ಹಗ್ಗ ಬಿಗಿಯಾಯಿತು, ಬೋಟು ಅಲ್ಲೇ ಹಸು ಕಣ್ಣಿಗೆ ನಿಂತಂತೆ ನಿಂತಿತು. ಆಮೇಲೆ ಎರಡನೆಯ ಹಗ್ಗ. ಆಮೇಲೆ ಲಂಗರಿನ ಹಗ್ಗ ಎಳೆದು ಬಿಗಿ ಮಾಡಿದರು. ಒಟ್ಟು ಎಷ್ಟು ಹೊತ್ತಾಯಿತೆಂದು ನಮ್ಮವರನ್ನು ಕೇಳಿದರೆ ಮೂರು ನಿಮಿಷ ಎಂದರು. ನನಗೆ ಮೂರು ಗಂಟೆ.

ಹುಡುಗ ದಡಕ್ಕೆ ಹಾರಿ ಬಂದು ಅಜ್ಜನ ಎದುರು ನಿಂತ. ಅವರು ಹೊಗಳಲಿಲ್ಲ. ಹಗ್ಗ ತೋರಿಸಿ ‘ಸಡಿಲ ಬಿಡ್, ಇಳ್ತ ಇತ್ತಲೆ’ ಎಂದರು. ಹೊಳೆಯ ನೀರು ಉಬ್ಬರಕ್ಕೂ ಇಳಿತಕ್ಕೂ ಮೀಟರಿಗಿಂತ ಹೆಚ್ಚು ಏರಿಳಿಯುತ್ತದೆ. ಬಿಗಿಯಾಗಿ ಕಟ್ಟಿ ಮನೆಗೆ ಹೋಗಿ ಮಲಗಿದರೆ ಇಳಿತಕ್ಕೆ ಬೋಟು ಹಗ್ಗಕ್ಕೆ ನೇತುಬೀಳುತ್ತದೆ, ಇಲ್ಲವೇ ಹಗ್ಗ ಕಡಿಯುತ್ತದೆ. ಎರಡು ತಿಂಗಳು ಮಳೆಗಾಲದಲ್ಲಿ ಬೋಟು ನಿಂತಿದ್ದರೂ ಅದಕ್ಕೆ ಕಾವಲು ಬೇಕು; ಹಗ್ಗ ಉಜ್ಜುವ ಕಡೆ ಗೋಣಿ ಸುತ್ತಬೇಕು, ಮಳೆನೀರು ತೋಡಬೇಕು. ಒತ್ತಾಗಿ ನಿಂತ ಬೋಟುಗಳಿಗೆ ಇನ್ನೊಂದು ಭಯ ಬೆಂಕಿಯದು. 2023ರ ನವೆಂಬರಿನಲ್ಲಿ, ದೀಪಾವಳಿಯ ಹೊತ್ತಿಗೆ, ಇದೇ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಬೋಟುಗಳಿಗೆ ಬೆಂಕಿ ಹತ್ತಿ ಹಲವು ಬೋಟುಗಳು ಸುಟ್ಟುಹೋದವು. ಅಕ್ಕ ಆ ದಿನದ ಮಾತು ಎತ್ತಲಿಲ್ಲ, ನಮ್ಮ ಆತಿಥೇಯರು ಹೇಳಿದರು.

ಅಕ್ಕ ಅಂದದ್ದು ಒಂದೇ ಮಾತು: ‘ಗಂಜಿ ತಣ್ದ್ ಹೋಯ್ತ್, ಬನ್ನಿ.’ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಾವಿನ ಮಿಡಿ. ಮಗ ತುದಿಯಿಲ್ಲದ ಬೆರಳುಗಳಲ್ಲೇ ಉಪ್ಪಿನಕಾಯಿ ನಂಜಿಕೊಂಡು ಎರಡು ಬಟ್ಟಲು ಗಂಜಿ ಕುಡಿದ. ಊಟದ ಮಧ್ಯೆ ಪಕ್ಕದ ಬೋಟಿನವರು ಬಂದು ಬಣ್ಣ ಹೋದದ್ದಕ್ಕೆ ಜಗಳ ತೆಗೆದರು. ಅಕ್ಕ ಅವರಿಗೂ ಗಂಜಿ ಬಡಿಸಿದರು.

ಮರುದಿನ ಬೈಂದೂರಿನ ಕಡೆ ಹೋದೆವು. ದಾರಿಯಲ್ಲಿ ಮರವಂತೆ. ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಕಡಲನ್ನು ಇಷ್ಟು ಹತ್ತಿರ ಕಂಡ ನದಿ ಅದನ್ನು ಸೇರದೆ ತಿರುಗಿ ಗಂಗೊಳ್ಳಿಯವರೆಗೆ ಹೋಗುತ್ತದೆ. ಎಲ್ಲರೂ ಇಲ್ಲಿ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಮಾರಸ್ವಾಮಿ ಗುಡಿಗೆ ಕೈಮುಗಿದೆವು. ಅಲೆಗೆ ತಡೆಯಾಗಿ ಕಲ್ಲುಗಳನ್ನು ಕಡಲಿನೊಳಕ್ಕೆ ಪೇರಿಸಿ ಮಾಡಿದ ಗೋಡೆಯನ್ನು ಹಿಂದಿನ ದಿನವಾದರೆ ನಾನು ಕಲ್ಲಿನ ರಾಶಿ ಎನ್ನುತ್ತಿದ್ದೆ. ಈಗ ಗೋಡೆಯ ಒಳಗಿನ ನೀರು ಎಷ್ಟು ಸುಮ್ಮನಿದೆ, ಹೊರಗಿನದು ಹೇಗೆ ಕುದಿಯುತ್ತಿದೆ ಎಂದು ಮಕ್ಕಳಿಗೆ ತೋರಿಸಿದೆ.

ಮುಂದೆ ಉಪ್ಪುಂದದ ಬಳಿ ಕೊಡೇರಿ. 2020ರ ಆಗಸ್ಟಿನಲ್ಲಿ ಇಲ್ಲಿ ಮೀನು ಹಿಡಿದು ಮರಳುತ್ತಿದ್ದ ನಾಡದೋಣಿಯೊಂದು ದಡದ ಹತ್ತಿರವೇ ಮಗುಚಿ ನಾಲ್ವರು ಮೀನುಗಾರರು ತೀರಿಕೊಂಡರು. ಅಲ್ಲಿ ನಿಂತಾಗ ದಡ ಎಷ್ಟು ಹತ್ತಿರ ಎಂದು ಕಣ್ಣಳತೆ ಮಾಡಿದೆ. ಅಕ್ಕ ಹುಣಸೆಬೀಜ ತೆಗೆಯುತ್ತ ಹೇಳಿದ ಮಾತು ನೆನಪಾಯಿತು. ಮಕ್ಕಳು ಐಸ್‌ಕ್ರೀಮ್ ಕೇಳಿದರು, ಗದರಿಸಿಬಿಟ್ಟೆ. ಬೈಂದೂರಿನಲ್ಲಿ ಸಮುದ್ರದ ಅಂಚಿನ ಸೋಮೇಶ್ವರನ ದರ್ಶನ ಮಾಡಿ, ಒತ್ತಿನೆಣೆ ಗುಡ್ಡದ ಮೇಲಿಂದ ಕಡಲು ನೋಡಿದೆವು. ಮೇಲಿಂದ ನೋಡಿದರೆ ಅಲೆ ಎಲ್ಲ ಮಗ್ಗದ ಮೇಲಿನ ಸೀರೆಯಂತೆ ಸಪಾಟು.

ನೀವು ಹೋಗುವುದಾದರೆ ರೈಲೂ ಇದೆ: ಕೊಂಕಣ ರೈಲ್ವೆಯಲ್ಲಿ ಬಾರ್ಕೂರು, ಕುಂದಾಪುರ, ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣಗಳು. ಕುಂದಾಪುರದ ನಿಲ್ದಾಣ ಪೇಟೆಯಿಂದ ದೂರ, ಆಟೋ ಹಿಡಿಯಬೇಕು. ದಕ್ಕೆ ನೋಡಬೇಕೆಂದರೆ ನವರಾತ್ರಿಯ ನಂತರ, ಮಳೆ ಬಿಟ್ಟ ಮೇಲೆ ಹೋಗಿ. ಬೆಳಿಗ್ಗೆ ನೆಲದ ಕಡೆಯಿಂದ ತಣ್ಣನೆಯ ಸಣ್ಣ ಗಾಳಿ, ಮಧ್ಯಾಹ್ನದ ಮೇಲೆ ಕಡಲ ಗಾಳಿ. ದೋಣಿ ಹತ್ತುವ ಆಸೆಯಿದ್ದರೆ ಬೆಳಿಗ್ಗೆಯೇ ಒಳ್ಳೆಯದು. ತೇಲು ಜಾಕೀಟು ಕೊಡದ ದೋಣಿ ಹತ್ತಬೇಡಿ. ದೋಣಿ ದಡಕ್ಕೆ ತಾಗುವ ಹೊತ್ತಿಗೆ ಎಲ್ಲರೂ ಒಂದೇ ಮಗ್ಗುಲಿಗೆ ಎದ್ದು ನಿಲ್ಲುತ್ತಾರೆ, ನೀವು ಕೂತೇ ಇರಿ. ಮಕ್ಕಳ ಕೈ ದೋಣಿಯ ಅಂಚಿನ ಹೊರಗೆ ಇರಬಾರದು. ದೋಣಿಗೂ ದಡಕ್ಕೂ ನಡುವೆ ಕೈಯನ್ನಾಗಲಿ ಕಾಲನ್ನಾಗಲಿ ಕೊಟ್ಟು ‘ಸಹಾಯ’ ಮಾಡಲು ಹೋಗಬೇಡಿ. ದಕ್ಕೆಯಲ್ಲಿ ನೆಲದ ಮೇಲೆ ಬಿದ್ದ ಹಗ್ಗದ ಸುರುಳಿಯೊಳಗೆ ಕಾಲಿಟ್ಟು ನಿಲ್ಲಬೇಡಿ, ಬಿಗಿದ ಹಗ್ಗದ ನೇರಕ್ಕಂತೂ ನಿಲ್ಲಲೇಬೇಡಿ. ನೈಲಾನ್ ಹಗ್ಗ ಕಡಿದರೆ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಮೀನು ತಿನ್ನದವರು ವಾಸನೆಗೆ ಮೂಗು ಮುಚ್ಚಿಕೊಂಡು ನಡೆದರೆ ಅಲ್ಲಿ ಕೆಲಸ ಮಾಡುವ ಹೆಂಗಸರಿಗೆ ಬೇಸರವಾಗುತ್ತದೆ. ನಾನು ಮುಚ್ಚಿಕೊಂಡೆ, ಅಕ್ಕ ನೋಡಿಬಿಟ್ಟರು. ಈಗಲೂ ಅದು ನನ್ನ ಮನಸ್ಸಿನಲ್ಲಿ ಕುಟುಕುತ್ತದೆ.

ನೂಲ ಹುಣ್ಣಿಮೆಯ ಮಾರನೆಯ ದಿನ ಅಕ್ಕ ಫೋನು ಮಾಡಿದ್ದರು. ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟು ಪೂಜೆಯಾಯಿತಂತೆ, ಬೋಟು ಹೊರಟಿತಂತೆ. ಬಂಗಾರ ಇನ್ನೂ ಬ್ಯಾಂಕಿನಲ್ಲೇ. ‘ನಿಮ್ ಕೈ ಗುರ್ತ್ ಹೋಯ್ತಾ?’ ಎಂದು ಕೇಳಿ ನಕ್ಕರು. ಹಿಂದಿನಿಂದ ಮಾವನವರು ಏನೋ ಕೂಗುತ್ತಿದ್ದರು, ಗಾಳಿಯ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ.